ಕರೋಕೆ ಡಿಸ್ಕ್ ಬರೆಯುತ್ತಿರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಹುತ್ತರಿ ಕಾರ್ಯಕ್ರಮಕ್ಕೆ ಡಿಸ್ಕ್ ಮಾಡುತ್ತಿರುವ ಸುಮಾರು ಜನರದ್ದು ಒಂದೇ ದೂರು: ಹಾಡು ಕೇಳಿಸುತ್ತದೆ, ಟಿವಿಯಲ್ಲಿ ಸಾಹಿತ್ಯ ಬರುವುದಿಲ್ಲ. ಡಿಸ್ಕ್ ಕೆಟ್ಟಿದೆ ಅಂತ ಸುಮ್ನೆ ಎಸೆಯಬೇಡಿ.

ಸಿಡಿ ಪ್ಲಸ್ ಜಿ ಅಂದರೆ ಹಾಡಿನ ಜೊತೆ ಟಿವಿಯಲ್ಲಿ ಸಾಹಿತ್ಯವನ್ನೂ ತೋರಿಸುವ ಕರೋಕೆ ಸಿಡಿ. ಈ ಡಿಸ್ಕ್‌ನಲ್ಲಿ ಸಾಹಿತ್ಯ ಬೇರೆ ಫೈಲ್ ಆಗಿ ಇರುವುದಿಲ್ಲ, ಸಬ್‌ಚಾನೆಲ್ ಅನ್ನುವ ಜಾಗದಲ್ಲಿ ಇರುತ್ತದೆ, ಮಾಮೂಲಿ ಆಡಿಯೋ ಸಿಡಿ ಥರ ಕಾಪಿ ಮಾಡಿದರೆ ಅದು ಬಿಟ್ಟೇ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ನಮ್ಮ ಹತ್ತಿರ ಇರುವುದು ಪ್ರತಿ ಹಾಡಿಗೆ ಎರಡು ಫೈಲ್: ಹಾಡಿನ ಎಂಪಿ3 ಒಂದು, ಸಾಹಿತ್ಯದ ಸಿಡಿಜಿ ಒಂದು. ಎರಡರ ಹೆಸರೂ ಒಂದೇ ಇರಬೇಕು, ನಡುವೆ ಒಂದು ಸ್ಪೇಸ್ ಜಾಸ್ತಿ ಆದರೂ ಜೋಡಿ ತಪ್ಪುತ್ತದೆ. ಇವನ್ನು ಹಾಗೇ ಡೇಟಾ ಡಿಸ್ಕ್ ಮಾಡಿದರೆ ಎಂಪಿ3 ಪ್ಲಸ್ ಜಿ, ಅಂದರೆ ಈ ಜೋಡಿ ಫೈಲ್, ಓದುವ ಪ್ಲೇಯರ್‌ನಲ್ಲಿ ಮಾತ್ರ ನಡೆಯುತ್ತದೆ. ಹಳೆಯ ಕರೋಕೆ ಪ್ಲೇಯರ್‌ಗೆ ಸಿಡಿ ಪ್ಲಸ್ ಜಿ ಆಗಿಯೇ ಬರೆಯಬೇಕು, ಅದಕ್ಕೆ ಸಾಫ್ಟ್‌ವೇರ್ ಒಂದೇ ಸಾಲದು, ಡಿಸ್ಕ್ ಬರೆಯುವ ಡ್ರೈವ್‌ಗೂ ರಾ ಮೋಡ್‌ನಲ್ಲಿ (ಸಾಫ್ಟ್‌ವೇರ್ ಕೊಟ್ಟದ್ದನ್ನು ಹಾಗೇ ಬರೆಯುವ ರೀತಿ) ಸಬ್‌ಚಾನೆಲ್ ಬರೆಯಲು ಬರಬೇಕು. ಎಲ್ಲ ಡ್ರೈವ್‌ಗೂ ಬರುವುದಿಲ್ಲ, ತೊಂದರೆ ಹೆಚ್ಚಾಗಿ ಇಲ್ಲೇ.

ಒಂದೇ ಸಲ ಬರೆಯುವ ಸಿಡಿ-ಆರ್ ಬಳಸಿ, ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ ಬೇಡ. ವೇಗ 8ಎಕ್ಸ್ ಸಾಕು. ಮಧ್ಯೆ ಕರೆಂಟ್ ಹೋದರೆ ಆ ಡಿಸ್ಕ್ ಮುಗಿಯಿತು, ಯುಪಿಎಸ್ ಇಟ್ಟುಕೊಳ್ಳಿ. ಮಳೆಗಾಲವಿಡೀ ಬೀರುವಿನಲ್ಲಿದ್ದ ಖಾಲಿ ಡಿಸ್ಕ್ ಆದರೆ ಬೂಸ್ಟು ಹಿಡಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತ ತಿರುಗಿಸಬೇಡಿ.

ಮನೆಯಲ್ಲಿ ಬರೀ ಡಿವಿಡಿ ಪ್ಲೇಯರ್ ಇದ್ದರೆ ಹಾಡನ್ನು ಸಾಹಿತ್ಯ ಕಾಣುವ ವಿಡಿಯೋ ಆಗಿ ವಿಸಿಡಿ (ವಿಡಿಯೋ ಸಿಡಿ) ಮಾಡಿ. ವಿಡಿಯೋ ಎಂಪೆಗ್-1 ಫಾರ್ಮ್ಯಾಟ್, ಅಳತೆ 352×288 ಪಿಕ್ಸೆಲ್. ನನ್ನ ಪ್ರಕಾರ ಅದೇ ಸುಲಭ.

ಇನ್ನೂ ಆಗದಿದ್ದರೆ ಡ್ರೈವ್ ಮೇಲಿರುವ ಮಾಡೆಲ್ ನಂಬರಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.