ತೊಗರಿ ರೇಟಿನ ಬಾಜೂಕ 1930 ಹಾಕ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರೀ,

ನಂದು ಕಲಬುರಗಿ ಗಂಜ್ ಹತ್ರ ಸಣ್ಣದೊಂದು ಮೊಬೈಲ್ ಅಂಗಡಿ ಅದ, ರಿಚಾರ್ಜು, ಗ್ಲಾಸ್ ಹಾಕೋದು, ಡಿಸ್ಪ್ಲೇ ಬದಲಿ ಮಾಡೋದು, ಇದೇ ಧಂದೆ. ಸಾಲಿ ಬಿಟ್ಟ ಮ್ಯಾಲ ನಾಕೈದು ಹುಡುಗ್ರು ಬಂದು "ಕಾಕಾ ನೂರು ರೂಪಾಯಿದು ರೀಡೀಮ್ ಕೋಡ್ ಕೊಡ್ರಿ" ಅಂತಾವ, ಗೇಮಿನಾಗ ಡೈಮಂಡ್ (ಆಟದೊಳಗಿನ ನಾಣ್ಯ) ತಗೋಳಾಕ. ಅದ್ರಾಗ ನೂರು ಹೋದ್ರ ನೂರೇ ಹೋಯ್ತು, ಅದ್ರದೇನು ಚಿಂತಿ ಇಲ್ಲ. ನಾ ಬರಿಲತ್ತಿದ್ದು ಬ್ಯಾರೆ ಮಾತು, ಗೇಮಿನಾಗ ದೋಸ್ತಿ ಮಾಡಿ ಮನಿ ರೊಕ್ಕ ಹೊಡ್ಯೋ ಮೋಸದ್ದು, ಅದಕ್ಕ ಫೋನ್ ಹಚ್ಚೋ ಸೈಬರ್ ಮೋಸದ ಸಹಾಯವಾಣಿ 1930ದ್ದು.

ಹೋದ ಸಲ ತೊಗರಿ ರಾಶಿ ಆದ ಮ್ಯಾಲ ಜೇವರ್ಗಿ ಕಡೀದೊಬ್ರು ಯಜಮಾನ್ರು ಅಂಗಡಿಗೆ ಬಂದ್ರು. "ತಮ್ಮಾ, ಮೊಬೈಲಿನಾಗ ರೊಕ್ಕ ಕಾಣವಲ್ದು, ಪಾಸ್‌ಬುಕ್ಕಿನಾಗೂ ಕಮ್ಮಿ ತೋರಸ್ತದ, ಏನಾಗ್ಯದ ನೋಡು" ಅಂದ್ರು. ಹಿಸ್ಟ್ರಿ ತಗದ್ ನೋಡಿದ್ರ 38 ಸಾವಿರ, ಐದು ಸಲ, ಯಾರಿಗೋ ಹೋಗ್ಯದ. ಯಜಮಾನ್ರಿಗೆ ಆ ಆ್ಯಪು ನಡಸಾಕೇ ಬರಲ್ಲ, ಯಾರಿಗರ ರೊಕ್ಕ ಹಾಕೋದಿದ್ರ ಒಂಬತ್ತನೇ ಕ್ಲಾಸಿನ ಮಗನೇ ಹಾಕ್ತಾನ, ಪಿನ್ನೂ ಅವನಿಗೇ ಗೊತ್ತು. ನಮ್ಮ ಕಡಿ ಹಳ್ಯಾಗ ಮುಕ್ಕಾಲು ಮನ್ಯಾಗ ಹಿಂಗೇ ಅದ, ಅಪ್ಪನ ಬ್ಯಾಂಕೂ ಮಗನ ಗೇಮೂ ಒಂದೇ ಫೋನಿನಾಗ.

ಹುಡುಗನ್ನ ಕರಸಿ ಕುಂದ್ರಿಸಿ ಕೇಳಿದ್ವಿ. ಗೇಮಿನಾಗ ಮೈಕ್ ಆನ್ ಮಾಡಿ ದಿನಾ ಕೂಡಿ ಆಡೋನೊಬ್ಬ "ಬ್ರೋ ಬ್ರೋ" ಅಂತ ತಿಂಗಳಗಟ್ಲೆ ದೋಸ್ತಿ ಮಾಡ್ಯಾನ, ಆಮ್ಯಾಲ ಅರ್ಧ ರೇಟಿಗೆ ಡೈಮಂಡ್ ಕೊಡ್ತೀನಿ ಅಂತ 499 ಹಾಕಿಸ್ಕೊಂಡ. ಡೈಮಂಡ್ ಬರ್ಲಿಲ್ಲ. ಕೇಳಿದ್ರ ಪೇಮೆಂಟ್ ಅಟಕಾಯಿಸ್ಯದ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕು, ಪೂರಾ ರಿಫಂಡ್ ಬರ್ತದ ಅಂದ, ಹಾಕ್ದ, ಎರಡು ಸಾವಿರ ಹೋಯ್ತು, ಅದನ್ನ ವಾಪಸ್ ತರಾಕ ಮತ್ತೊಂದು, ಅದನ್ನ ತರಾಕ ಇನ್ನೊಂದು. ಬ್ಯಾಂಕಿನ ಮೆಸೇಜ್ ಬಂದಂಗ ಡಿಲೀಟ್ ಮಾಡ್ಯಾನ. ಯಾಕಲೇ ಹೇಳ್ಲಿಲ್ಲ ಅಂದ್ರ "ಅಪ್ಪ ಹೊಡಿತಾನಂತ" ಅಂದ. ಅಪ್ಪ ಅಲ್ಲೇ ಕೈ ಎತ್ತಿದ್ರು, ನಾ ನಡುವ ಹೋಗಿ ಬಿಡಿಸ್ದೆ.

ಇದು ನೋಡ್ರಿ ನಾ ಹೇಳೋ ಮಾತು. 499 ಹೋದ ದಿನಾನೇ ಆ ಹುಡುಗ ಬಾಯಿ ಬಿಟ್ಟಿದ್ರ ಉಳಿದಿದ್ದು ಹೋಗ್ತಿರ್ಲಿಲ್ಲ, ಮೋಸ ಮಾಡ್ದೋನು ಎಲ್ಲಿ ಕುಂತಾನೋ ಗೊತ್ತಿಲ್ಲ, ಆದ್ರ ಅವನ ಧಂದೆ ನಡ್ಯೋದು ನಮ್ಮ ಮನ್ಯಾಗಿನ ಅಂಜಿಕಿ ಮ್ಯಾಲ. ನಾವು 1930ಕ್ಕ ಫೋನ್ ಹಚ್ಚಿದ್ವಿ, ಯುಟಿಆರ್ ನಂಬರ್ (ಪ್ರತಿ ಪೇಮೆಂಟಿನ ಗುರುತಿನ ನಂಬರ್) ಎಲ್ಲಾ ಕೇಳಿ ಕಂಪ್ಲೇಂಟ್ ಬರ್ಕೊಂಡ್ರು. ಆದ್ರ ಅಷ್ಟೊತ್ತಿಗೆ ಒಂಬತ್ತು ದಿನ ಆಗಿತ್ತು. ಲಗೂನ ಫೋನ್ ಹಚ್ಚಿದ್ರ ರೊಕ್ಕ ಆ ಕಡೀ ಖಾತ್ಯಾಗ ಇರೋದ್ರಾಗೇ ಬ್ಯಾಂಕಿನವ್ರು ತಡಿಬಹುದು, ಅದು ಖಾತೆ ಖಾತೆ ದಾಟಿ ಎಟಿಎಮ್‌ನಾಗ ಹೊರಗ ಬಂದ ಮ್ಯಾಲ ಯಾರೇನ್ ಮಾಡ್ತಾರ.

ಕೆಲವರು ಗೇಮ್ ಬ್ಯಾನ್ ಮಾಡ್ರಿ ಅಂತಾರ. ಪಬ್ಜಿ 2020ರಾಗ ಬ್ಯಾನ್ ಆಯ್ತು, ಮುಂದಿನ ವರ್ಷವೇ ಬ್ಯಾರೆ ಹೆಸರಿಲೆ ಬಂತು. ಫ್ರೀ ಫೈರ್ 2022ರಾಗ ಬ್ಯಾನ್ ಆಯ್ತು, ಹುಡುಗ್ರು ಅದರದೇ ಇನ್ನೊಂದು ಆಟ ಫ್ರೀ ಫೈರ್ ಮ್ಯಾಕ್ಸ್ ಹಾಕ್ಕೊಂಡ್ರು. 2025ರ ಆಗಸ್ಟಿನಾಗ ಕೇಂದ್ರದವ್ರು ರೊಕ್ಕ ಹಚ್ಚಿ ಆಡೋ ಗೇಮಿಗೆಲ್ಲಾ ಬಂದ್ ಅಂತ ಕಾಯ್ದೆ ತಂದ್ರು, ರಮ್ಮಿ ಹುಚ್ಚಿನಾಗ ಮನಿ ಹಾಳು ಮಾಡ್ಕೊಂಡೋರನ್ನ ನಾ ಕಣ್ಣಾರೆ ನೋಡೀನಿ, ಹಂಗಾಗಿ ಆ ಕಾಯ್ದೆ ಛಲೋ ಆಯ್ತು ಅಂತೀನಿ, ಆದ್ರ ಈ ಹುಡುಗ ಆಡಿದ್ದು ಜೂಜೂ ಅಲ್ಲ ಏನೂ ಅಲ್ಲ, ಸುಮ್ಕ ಬಂದೂಕಿನ ಆಟ. ಬ್ಯಾನ್ ಆಗ್ಯದ, ಇನ್ನೇನು ಭಯ ಇಲ್ಲ ಅಂತ ಕೂಡೋದು ತಪ್ಪು.

ಅಂಗಡಿಗೆ ಬರೋರಿಗೆ ನಾ ಈಗ ಒಂದೇ ಹೇಳ್ತೀನಿ, ಫಸಲಿನ ರೊಕ್ಕ ಬರೋ ಖಾತೆ ಮೊಬೈಲಿನ ಯುಪಿಐ ಆ್ಯಪಿಗೆ ಹಚ್ಚಬ್ಯಾಡ್ರಿ. ಇನ್ನೊಂದು ಖಾತೆ ತಗಸ್ರಿ, ಅದ್ರಾಗ ಎರಡು ಸಾವಿರ ಇಟ್ಕೊಂಡು ಯುಪಿಐ ನಡಸ್ರಿ, ಹೋದ್ರ ಅಷ್ಟೇ ಹೋಗ್ತದ. ಮತ್ತ ಮಕ್ಕಳಿಗೆ ಬಾಯಿಪಾಠ ಮಾಡಸ್ರಿ, ಪಿನ್ ಹಾಕೋದು ರೊಕ್ಕ ಕೊಡಾಕ, ಬರೋ ರೊಕ್ಕಕ್ಕ ಪಿನ್ ಬೇಕಿಲ್ಲ. ಪ್ಲೇ ಸ್ಟೋರಿನಾಗ ಪ್ರತಿ ಸಲ ಪಾಸ್‌ವರ್ಡ್ ಕೇಳೋಹಂಗ ಸೆಟಿಂಗ್ ಅದ, ಬಂದ್ರ ನಾನೇ ಮಾಡಿ ಕೊಡ್ತೀನಿ, ರೊಕ್ಕ ಕೊಡೋದು ಬ್ಯಾಡ. ಯಾರರ ಗೇಮಿನ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಆ್ಯಪ್ ಹಾಕೋ ಫೈಲ್) ಕಳಿಸಿದ್ರ ಒತ್ತಬ್ಯಾಡ್ರಿ.

ಹೆಣ್ಮಕ್ಕಳದು ಇನ್ನೊಂದು ಫಜೀತಿ. ಮೈಕಿನಾಗ ಹುಡುಗಿ ದನಿ ಕೇಳಿದ್ರ ಸಾಕು, ಫೋಟೋ ಕಳಸು, ಯಾವ ಊರು ಅಂತ ಶುರು. ನನ್ನ ಅಣ್ಣನ ಮಗಳು ಮೈಕ್ ಬಂದ್ ಮಾಡಿ ಗಂಡು ಹೆಸರಿಟ್ಕೊಂಡು ಆಡ್ತಾಳ. ಶಾಣ್ಯಾ ಹುಡುಗಿ ಅದಾಳ, ಆದ್ರ ಆಕಿ ಹಿಂಗ್ಯಾಕ ಅಡಗಿ ಆಡಬೇಕು ಅಂತ ಸಿಟ್ಟೂ ಬರ್ತದ.

ಸಂಪಾದಕರೇ, ನಿಮ್ಮ ಪೇಪರ್ ನಮ್ಮ ಗಂಜಿನಾಗ ಮುಂಜಾನಿ ಎಲ್ಲಾರೂ ಮೊದಲು ತೆಗೆಯೋದೇ ಮಾರ್ಕೆಟ್ ರೇಟಿನ ಪುಟ. ಡಿಸೆಂಬರಿನಿಂದ ತೊಗರಿ ಬರೋವಾಗ ಆ ರೇಟಿನ ಬಾಜೂಕ ದಪ್ಪ ಅಕ್ಷರದಾಗ 1930 ಅಂತ ಒಂದು ಡಬ್ಬಿ ಕಟ್ಟಿ ಹಾಕ್ರಿ, ಅದ್ರ ಕೆಳಗ "ಮಗನಿಗೆ ಆಮ್ಯಾಲ ಬೈರಿ, ಮೊದಲು ಫೋನ್ ಹಚ್ರಿ" ಅಂತ ಬರೀರಿ.

ಇಂತಿ,
ಒಬ್ಬ ಮೊಬೈಲ್ ಅಂಗಡಿಯವ, ಕಲಬುರಗಿ