ಅಸ್ವಾನಿನಿಂದ ಅಪ್ಪಯ್ಯನಿಗೆ ಒಂದು ಕಿಲೋ ಖರ್ಜೂರ

ಮಾರಾಯಾ,

ನಿನ್ನ ಮೂರು ಮಿಸ್ಡ್ ಕಾಲ್ ನೋಡಿದ್ದೇನೆ, ಬೈಯಬೇಡ. ಈಜಿಪ್ಟಿನಲ್ಲಿ ಹತ್ತು ದಿನ ನಾನು ಮಾಡಿದ ಮುಖ್ಯ ಕೆಲಸವೆಂದರೆ ಜೊತೆಗೆ ಕರೆತಂದ ವಿದ್ಯಾರ್ಥಿಗಳ ತಲೆ ಎಣಿಸಿದ್ದು. ಬಸ್ ಹತ್ತುವಾಗ ಇಪ್ಪತ್ತೆರಡು, ಇಳಿದು ನೋಡಿದರೆ ಇಪ್ಪತ್ತೊಂದು. ತಪ್ಪಿಸಿಕೊಳ್ಳುವವನು ಪ್ರತಿ ಸಲವೂ ಅದೇ ಹುಡುಗ. ಎಲ್ಲೋ ಒಂದು ಕಡೆ ಒಂಟೆಯವನ ಜೊತೆ ಚೌಕಾಸಿಗೆ ನಿಂತಿರುತ್ತಿದ್ದ, ಹತ್ತುವ ಉದ್ದೇಶವೇ ಇಲ್ಲದೆ. ಒಂಟೆಯವನಿಗೂ ಬೇಸರವಿಲ್ಲ. 'ಹಿಂದ್? ಅಮಿತಾಭ್ ಬಚ್ಚನ್!' ಅಂತ ಇವನ ಬೆನ್ನು ತಟ್ಟುವುದು, ಇವನು ಹಲ್ಲು ಕಿರಿಯುವುದು.

ಗೀಜಾದಲ್ಲಿ ಖುಫುವಿನ ಪಿರಮಿಡ್ಡಿನ ಒಳಗೂ ಹೋಗಿಬಂದೆ. ಈ ಸೊಂಟ ಇಟ್ಟುಕೊಂಡು ಹೋಗಬಾರದಿತ್ತು. ಮೇಲಕ್ಕೆ ಹತ್ತುವ ದಾರಿಯ ಎತ್ತರ ನಾಲ್ಕಡಿ ಇದ್ದರೆ ಹೆಚ್ಚು. ಕೆಳಗೆ ಮರದ ಹಲಗೆ, ಕಾಲು ಜಾರದಂತೆ ಅಡ್ಡಡ್ಡ ಹೊಡೆದ ಪಟ್ಟಿ. ಮುಂದಿನವರ ಹಿಮ್ಮಡಿ ನೋಡುತ್ತಾ ಬಗ್ಗಿಕೊಂಡೇ ಏರಬೇಕು, ಎದುರಿನಿಂದ ಇಳಿಯುವವರು ಬಂದರೆ ಗೋಡೆಗೆ ಅಂಟಿಕೊಳ್ಳಬೇಕು. ಗಾಳಿಯಿಲ್ಲ, ಎಲ್ಲ ದೇಶದವರ ಬೆವರಿನ ವಾಸನೆ. ಇನ್ನು ಆಗುವುದಿಲ್ಲ ಅನ್ನುವ ಹೊತ್ತಿಗೆ ಒಮ್ಮೆಗೇ ಸೂರು ಮೇಲೆದ್ದುಬಿಡುತ್ತದೆ. ಎಂಟೂವರೆ ಮೀಟರ್ ಎತ್ತರದ ಓಣಿ ಅದು. ಮೇಲೆ ಹೋದ ಹಾಗೆ ಎರಡೂ ಗೋಡೆಗಳು ಸಾಲು ಸಾಲಾಗಿ ಒಳಕ್ಕೆ ಚಾಚಿಕೊಳ್ಳುತ್ತವೆ. ಅದರ ತುದಿಯ ಕೋಣೆಯಲ್ಲಿ ಮುಚ್ಚಳವಿಲ್ಲದ ಒಂದು ಖಾಲಿ ಕಲ್ಲಿನ ತೊಟ್ಟಿ. ಒಂದು ಚಿತ್ರವಿಲ್ಲ, ಒಂದು ಅಕ್ಷರವಿಲ್ಲ.

'ಇಷ್ಟಕ್ಕಾ ಸಾರ್?' ಅಂದಳು ಒಬ್ಬಳು, ಏದುಸಿರು ಬಿಡುತ್ತಾ. ತಲೆಯ ಮೇಲಿನ ಒಂಬತ್ತು ಗ್ರಾನೈಟ್ ತೊಲೆಗಳನ್ನು ತೋರಿಸಿದೆ. ಅಸ್ವಾನಿನಲ್ಲಿ ಕಡಿದು, ನೈಲ್ ನದಿಯಲ್ಲಿ ಸುಮಾರು 800 ಕಿಲೋಮೀಟರ್ ದೋಣಿಯ ಮೇಲೆ ತಂದು, ಅಲ್ಲಿಗೆ ಏರಿಸಿದ್ದಾರೆ, 4,500 ವರ್ಷದ ಹಿಂದೆ. ಆಮೇಲೆ ಅವಳು ಮಾತಾಡಲಿಲ್ಲ. ಕಟ್ಟಿದವರು ಗುಲಾಮರಲ್ಲವಂತೆ. 1990ರಲ್ಲಿ ಕುದುರೆಯೊಂದು ಮರಳಿನಲ್ಲಿ ಎಡವಿದ ಜಾಗ ಅಗೆದು ನೋಡಿದರೆ ಕೆಲಸಗಾರರ ಗೋರಿಗಳೇ ಸಿಕ್ಕವು. ಗುಲಾಮರಾಗಿದ್ದರೆ ರಾಜನ ಪಿರಮಿಡ್ಡಿನ ಪಕ್ಕದಲ್ಲೇ ಮರ್ಯಾದೆಯಿಂದ ಮಣ್ಣು ಮಾಡುತ್ತಿರಲಿಲ್ಲ ಅಂತ ತಿಳಿದವರ ವಾದ.

ಊಟದ್ದು ನೀನು ಕೇಳಿಯೇ ಕೇಳುತ್ತೀಯ. ಕೊಶರಿ ಅಂತ ಒಂದಿದೆ. ಅನ್ನ, ಮ್ಯಾಕರೋನಿ, ಮಸೂರು, ಕಾಬೂಲಿ ಕಡಲೆ, ಟೊಮ್ಯಾಟೊ ಗೊಜ್ಜು, ಮೇಲೆ ಕರಿದ ಈರುಳ್ಳಿ. ನೋಡುವುದಕ್ಕೆ ನಿನ್ನೆ ಉಳಿದಿದ್ದನ್ನೆಲ್ಲ ಒಂದೇ ಬಟ್ಟಲಿಗೆ ಬಗ್ಗಿಸಿದ ಹಾಗಿದೆ, ತಿಂದರೆ ಬಿಡುವುದಿಲ್ಲ. ನಮ್ಮ ಸಸ್ಯಾಹಾರಿಗಳೆಲ್ಲ ಬದುಕಿ ಬಂದದ್ದು ಅದರಿಂದ. ಕಾರ್ನಾಕ್ ದೇವಸ್ಥಾನ, ರಾಜರ ಕಣಿವೆ ಎಲ್ಲ ಫೋಟೊದಲ್ಲಿ ನೋಡು. ಕಾರ್ನಾಕಿನ 134 ಕಂಬಗಳ ನಡುವೆ ಆ ಒಂಟೆ ಹುಡುಗನನ್ನು ಅರ್ಧ ಗಂಟೆ ಹುಡುಕಿದ ನನಗೆ ಆ ಕಂಬಗಳ ಬಗ್ಗೆ ಸದ್ಯಕ್ಕೆ ಒಳ್ಳೆಯ ಮಾತು ಬರುವುದಿಲ್ಲ.

ನಿನಗೆ ಕೂತು ಬರೆಯಬೇಕು ಅನ್ನಿಸಿದ್ದು ಅಬು ಸಿಂಬೆಲ್ ನೋಡಿದ ಮೇಲೆ. ಅಸ್ವಾನಿನಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. 280 ಕಿಲೋಮೀಟರ್ ದಾರಿ, ಬರೀ ಮರಳು. ಬಸ್ಸಿಳಿದು ಒಂದು ಗುಡ್ಡವನ್ನು ಹಿಂದಿನಿಂದ ಬಳಸಿ ಹೋದರೆ ಒಂದು ಕಡೆ ಸಮುದ್ರದಂಥ ನೀರು, ಇನ್ನೊಂದು ಕಡೆ ಮೊಣಕಾಲ ಮೇಲೆ ಕೈಯಿಟ್ಟು ಕೂತ 20 ಮೀಟರ್ ಎತ್ತರದ, ರಾಜ ರಾಮ್ಸೆಸ್‌ನ ನಾಲ್ಕು ಮೂರ್ತಿಗಳು. ಆ ಗುಡ್ಡವೇ ಸುಳ್ಳು ಗುಡ್ಡ ಮಾರಾಯಾ, ಒಳಗಿರುವುದು ಕಾಂಕ್ರೀಟ್ ಗುಮ್ಮಟ! ಅಸ್ವಾನ್ ಅಣೆಕಟ್ಟಿನ ನೀರು ಏರುತ್ತಿದ್ದಾಗ, 1964ರಿಂದ 1968ರವರೆಗೆ, ಯುನೆಸ್ಕೊ ಮುಂದಾಳತ್ವದಲ್ಲಿ ಇಡೀ ದೇವಸ್ಥಾನವನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಗರಗಸದಲ್ಲಿ ಕೊಯ್ದು, ನಂಬರ್ ಹಾಕಿ, 65 ಮೀಟರ್ ಮೇಲಕ್ಕೂ 200 ಮೀಟರ್ ಹಿಂದಕ್ಕೂ ಒಯ್ದು ಜೋಡಿಸಿದ್ದಾರೆ. ಒಂದೊಂದು ತುಂಡು 20, 30 ಟನ್. ಕೊಯ್ದ ಗೆರೆ ಎಲ್ಲಿದೆ ಅಂತ ನಮ್ಮ ಮಕ್ಕಳು ಕಲ್ಲಿಗೆ ಮೂಗು ತಾಗಿಸಿ ಹುಡುಕಿದರು. ಎಡದಿಂದ ಎರಡನೆಯ ಮೂರ್ತಿ ಹಳೆಯ ಕಾಲದ ಭೂಕಂಪದಲ್ಲೇ ಮುರಿದಿತ್ತು, ತಲೆ ಕಾಲಬುಡದಲ್ಲಿ ಬಿದ್ದಿತ್ತು. ಸಾಗಿಸುವಾಗ ಆ ತಲೆಯನ್ನೂ ತಂದು, ಬಿದ್ದಿದ್ದ ಹಾಗೇ ಬೀಳಿಸಿ ಇಟ್ಟಿದ್ದಾರೆ.

ಮಕ್ಕಳಿಗೆ ಎಲ್ಲ ವಿವರಿಸಿದೆ. ಸಿವಿಲ್ ಇಂಜಿನಿಯರಿಂಗ್ ಮೇಷ್ಟ್ರಾಗಿ ನನಗೆ ಹೆಮ್ಮೆಯೇ. ಆದರೆ 1964 ಅಂತ ಬಾಯಲ್ಲಿ ಬಂದ ಕೂಡಲೇ ಮಾತು ನಿಂತಿತು. ಅಪ್ಪಯ್ಯನ ಊರು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟಿನದೂ ಅದೇ ಇಸವಿಯಲ್ಲವಾ? ಅಪ್ಪಯ್ಯ ಹೇಳುತ್ತಿದ್ದ ಲಾರಿ ನೆನಪಾಯಿತು. ಹಂಡೆ, ದನದ ಕಣ್ಣಿ, ಅಜ್ಜಿ, ಎಲ್ಲ ಒಂದೇ ಲಾರಿಯಲ್ಲಿ ತುಂಬಿ, ಹೆಸರಿಲ್ಲದ ಕಾಡಲ್ಲಿ ಇಳಿಸಿ ಹೋಗಿದ್ದು. ಹಕ್ಕುಪತ್ರ ಇವತ್ತಿಗೂ ಬಂದಿಲ್ಲ. ಮುರಿದ ತಲೆ ಎಲ್ಲಿ ಬಿದ್ದಿತ್ತು ಅನ್ನುವುದನ್ನು ಗುರುತು ಹಾಕಿಟ್ಟ ಕಾಲ ಅದು.

ಇಲ್ಲಿಯವರ ಮುಳುಗಡೆಯ ಕಥೆಯನ್ನು ಗೈಡ್ ಒಂದೇ ವಾಕ್ಯದಲ್ಲಿ ಮುಗಿಸಿದ. ಮರುದಿನ ಅಸ್ವಾನಿನಲ್ಲಿ ನಮ್ಮನ್ನು ನದಿ ದಾಟಿಸಿದ ದೋಣಿಯವನು ನೂಬಿಯನ್, ಅಂದರೆ ಆ ಮುಳುಗಿದ ನೈಲ್ ದಂಡೆಯ ಜನ, ಎಪ್ಪತ್ತರ ಆಸುಪಾಸು. ಕಾಲಿನಲ್ಲೇ ಚುಕ್ಕಾಣಿ ತಿರುಗಿಸುತ್ತಾ ಅವನು ಹೇಳಿದ್ದು ಹೆಚ್ಚು. 1963-64ರಲ್ಲಿ ಈಜಿಪ್ಟಿನ ಕಡೆಯ ಸುಮಾರು 50,000 ನೂಬಿಯನ್ನರನ್ನು ಎಬ್ಬಿಸಿ ಕೊಮ್ ಒಂಬೊ ಹತ್ತಿರ ಸಾಲು ಮನೆಗಳಿಗೆ ಕಳಿಸಿದರು. ಮುಳುಗಿದ ಊರಿನ ಹೆಸರುಗಳನ್ನೇ ಅಲ್ಲಿಯ ಊರುಗಳಿಗೂ ಇಟ್ಟುಕೊಂಡಿದ್ದಾರೆ. ಹೆಸರು ಬಂತು, ನದಿ ಬರಲಿಲ್ಲ ಅಂದ. ಬಾಗಿಲು ತೆಗೆದರೆ ನೈಲ್ ಕಾಣುತ್ತಿದ್ದವರಿಗೆ ಅದು ಮೈಲಿಗಟ್ಟಲೆ ದೂರವಾಯಿತು. ಖರ್ಜೂರದ ಮರಗಳೂ ಅಲ್ಲೇ ಉಳಿದವಂತೆ. 'ಈಗಿನದು ತಿನ್ನುತ್ತೇನೆ, ಸಿಹಿ ಇದೆ, ಅಷ್ಟೇ.' ಮುಳುಗಿದ ಗದ್ದೆಯ ಅಕ್ಕಿ ಗಂಜಿಯ ಬಗ್ಗೆ ಅಪ್ಪಯ್ಯ ಇದೇ ಧಾಟಿಯಲ್ಲಿ ಮಾತಾಡುತ್ತಾರೆ, ಹೌದೋ ಅಲ್ಲವೋ?

ಫೋನಿನಲ್ಲಿ ಮಡೆನೂರಿನ ಫೋಟೊ ಇತ್ತು. ಆ ವರ್ಷ ಮೇ ತಿಂಗಳಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದು, ಅದರಲ್ಲಿ ಮುಳುಗಿದ್ದ ಹಳೇ ಡ್ಯಾಮ್ ಮೇಲೆದ್ದಾಗ ನೀನು ಕರೆದುಕೊಂಡು ಹೋಗಿದ್ದೆಯಲ್ಲ, ಒಡೆದ ಕೆಸರಿನ ಮೇಲೆ ಅಪ್ಪಯ್ಯ ಚಪ್ಪಲಿ ಕೈಯಲ್ಲಿ ಹಿಡಿದು ನಿಂತದ್ದು. ದೋಣಿಯವನಿಗೆ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ.

'ನಿಮ್ಮ ನೀರು ಇಳಿಯುತ್ತದಾ? ನಡೆದು ಹೋಗಬಹುದಾ?'

ಕೆಲವು ವರ್ಷ, ಅಂದೆ.

'ನಮ್ಮದು ಇಳಿಯುವುದಿಲ್ಲ,' ಅಂದು ಫೋನ್ ವಾಪಸ್ ಕೊಟ್ಟ. ಹಿಂದೆ ನಮ್ಮ ಮಕ್ಕಳು ಸ್ಪೀಕರ್‌ನಲ್ಲಿ ಹಾಡು ಹಾಕಿ ಕುಣಿಯುತ್ತಿದ್ದರು. ನಿಲ್ಲಿಸಿ ಅನ್ನೋಣ ಅಂದುಕೊಂಡೆ, ಅವನೇ ಬೇಡ ಅಂತ ಕೈ ಸನ್ನೆ ಮಾಡಿದ.

ಅಪ್ಪಯ್ಯನಿಗೆ ಅಂತ ಅಸ್ವಾನಿನ ಸಂತೆಯಿಂದ ಒಂದು ಕಿಲೋ ಖರ್ಜೂರ ತಂದಿದ್ದೇನೆ. ನಮ್ಮ ಕಡೆ ಸಿಗುವ ಮೆತ್ತನೆಯದಲ್ಲ, ಕಲ್ಲಿನ ಹಾಗೆ ಒಣಗಿದ್ದು. ಶನಿವಾರ ಸಾಗರದ ಬಸ್ಸಿಗೆ ಬರುತ್ತೇನೆ. ರಾತ್ರಿಯೇ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಕೊಡಬೇಕು, ಅವರ ಹಲ್ಲಿಗೆ ಹಾಗೇ ಆಗುವುದಿಲ್ಲ.

ನಿನ್ನ,
ತಲೆ ಎಣಿಸುವ ಮೇಷ್ಟ್ರು