ಮೂರು ವರ್ಷ, ಒಂದೂ ಕಲ್ಲಿಲ್ಲ

ಹೋದ ವಾರ ಮೈಸೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದೆ. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ, ಏನೂ ಇಲ್ಲ" ಅಂದರು. ಏನೂ ಇಲ್ಲದ್ದನ್ನು ನೋಡಿ ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು. ಕಿಡ್ನಿಯಲ್ಲಿ ಕಲ್ಲಿಲ್ಲದೆ ಮೂರು ವರ್ಷ ಆಯ್ತು. ಅದಕ್ಕೂ ಹಿಂದಿನ ಹನ್ನೊಂದು ವರ್ಷದಲ್ಲಿ ಏಳು ಸಲ ಕಲ್ಲು, ಮೂರು ಸಲ ಆಪರೇಷನ್. ಥ್ಯಾಂಕ್ಸ್ ಹೇಳಬೇಕಾದವರು ಬಹಳ ಜನ ಇದ್ದಾರೆ. ಎದುರಿಗೆ ಹೇಳಲು ಹೋದರೆ "ಅಯ್ಯೋ ಬಿಡಿ ಟೀಚರೇ" ಅಂತ ಮಾತು ತಿರುಗಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೋಮವಾರಪೇಟೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಮೊದಲ ಕಲ್ಲು ಬಂದಾಗ 19 ವರ್ಷ. ಕಿಡ್ನಿ ಕಲ್ಲಿಗೆ ಮದ್ದು ಹೇಳದವರು ನಮ್ಮೂರಲ್ಲಿ ಯಾರೂ ಇಲ್ಲ. ಬಾಳೆದಿಂಡಿನ ರಸ ಕುಡಿದೆ, ಹುರುಳಿ ಕಟ್ಟು ಕುಡಿದೆ, ಟೊಮೆಟೊ ಬಿಟ್ಟೆ, ಪಾಲಕ್ ಬಿಟ್ಟೆ. ಒಂದು ಆಸ್ಪತ್ರೆಯಲ್ಲಿ ತೆಗೆದ ಕಲ್ಲನ್ನು ಪರೀಕ್ಷೆಗೂ ಕಳಿಸದೆ ಎಸೆದುಬಿಟ್ಟರು. ಇನ್ನೊಂದು ಕಡೆ ಹೊರಗಿನಿಂದ ಶಾಕ್ ಕೊಟ್ಟು ಪುಡಿ ಮಾಡಲು ನೋಡಿದರು. ಕಲ್ಲು ಜಗ್ಗಲಿಲ್ಲ. ನನ್ನಂಥವರ ಕಲ್ಲು ಶಾಕಿಗೆ ಸುಲಭಕ್ಕೆ ಒಡೆಯುವುದಿಲ್ಲ ಅನ್ನೋದು ಆಮೇಲೆ ತಿಳಿಯಿತು.

ಮೊದಲ ಥ್ಯಾಂಕ್ಸ್ ಮೈಸೂರಿನ ಲ್ಯಾಬಿನ ಆ ಹುಡುಗಿಗೆ. ನನ್ನ ಮೂತ್ರದ ಸ್ಯಾಂಪಲ್ ನೋಡಿದವಳೇ ಹೊರಗೆ ಬಂದು, "ಮೇಡಂ, ಒಂದು ನಿಮಿಷ ಒಳಗೆ ಬರ್ತೀರಾ?" ಅಂದಳು. ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿದರೆ ಆರು ಮೂಲೆಯ ಚಪ್ಪಟೆ ಹರಳುಗಳು. ಜೇನು ತಟ್ಟಿನ ಒಂದೊಂದೇ ಮನೆಯನ್ನು ಬಿಡಿಸಿ ಗಾಜಿನ ಮೇಲೆ ಚೆಲ್ಲಿದ ಹಾಗೆ. ಭಾಗಮಂಡಲದ ಜೇನು ತಿಂದು ಬೆಳೆದವಳಿಗೆ ಆ ಆಕಾರ ಹೊಸದಲ್ಲ, ಅದು ನನ್ನೊಳಗಿಂದ ಬಂದಿದ್ದು ಮಾತ್ರ ಹೊಸದು. ಅವಳು ಅವತ್ತೇ ಡಾಕ್ಟರಿಗೆ ಹೇಳಿದಳು. ಕಾಯಿಲೆಗೆ ಹೆಸರು ಸಿಕ್ಕಿತು: ಸಿಸ್ಟಿನೂರಿಯ.

ಕಿಡ್ನಿ ರಕ್ತವನ್ನು ಸೋಸುವಾಗ ಬೇಕಾದ್ದನ್ನು ವಾಪಸ್ ಎಳೆದುಕೊಳ್ಳಬೇಕು. ನನ್ನ ಕಿಡ್ನಿಗೆ ನಾಲ್ಕು ಅಮೈನೋ ಆಮ್ಲಗಳನ್ನು ಸರಿಯಾಗಿ ಎಳೆದುಕೊಳ್ಳಲು ಬರುವುದಿಲ್ಲ. ಮೂರರಿಂದ ತೊಂದರೆ ಇಲ್ಲ. ಸಿಸ್ಟೀನ್ ಅನ್ನೋ ನಾಲ್ಕನೆಯದು ಮೂತ್ರದಲ್ಲಿ ಸರಿಯಾಗಿ ಕರಗದೆ ಕಲ್ಲಾಗುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಅರ್ಧರ್ಧ ಅಡಗಿದ್ದಿದ್ದು ನನ್ನಲ್ಲಿ ಸೇರಿಕೊಂಡಿತು. ಅವರದು ಸೋದರಿಕೆಯಲ್ಲೇ ಆದ ಮದುವೆ. ಅಮ್ಮ ಇದನ್ನು ಕೇಳಿ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ತಮ್ಮನಿಗೂ ಪರೀಕ್ಷೆ ಮಾಡಿಸಿದೆವು, ಅವನಿಗಿಲ್ಲ.

ನೀರು ಮತ್ತು ಮೂತ್ರದ ಹುಳಿ ಇಳಿಸುವ ಪೊಟ್ಯಾಶಿಯಂ ಸಿಟ್ರೇಟ್, ಇವೆರಡೇ ನನಗೆ ಸಾಲಲಿಲ್ಲ. ಪೆನಿಸಿಲಮೈನ್ ಕ್ಯಾಪ್ಸೂಲ್ ಶುರುವಾಯಿತು. (ಪೆನಿಸಿಲಿನ್ ಅಲ್ಲ. ಇದನ್ನು ನಾನು ಕನಿಷ್ಠ ಐವತ್ತು ಜನಕ್ಕೆ ಹೇಳಿದ್ದೇನೆ.) ಸಿಸ್ಟೀನ್ ಅಂದರೆ ಕೈ ಕೈ ಹಿಡಿದು ನಿಂತ ಇಬ್ಬರು. ಈ ಮದ್ದು ನಡುವೆ ನುಗ್ಗಿ ಅವರನ್ನು ಬಿಡಿಸಿ, ತಾನೇ ಕೈ ಹಿಡಿಯುತ್ತದೆ. ಹೊಸ ಜೋಡಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಐದನೇ ಕ್ಲಾಸಿನ ಮಕ್ಕಳಿಗೆ ಹೀಗೇ ಹೇಳಿಕೊಟ್ಟೆ, ಅವರು ಅಂಗಳದಲ್ಲಿ ಆಡಿಯೂ ತೋರಿಸಿದರು.

ನುಂಗುವುದು ದಿನಕ್ಕೆ ನಾಲ್ಕು ಹೊತ್ತು. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಎರಡು ಗಂಟೆ ಆದಮೇಲೆ. ಹಾಲಿನ ಜೊತೆ ಇಲ್ಲ, ಬೇರೆ ಮಾತ್ರೆಯ ಜೊತೆಯೂ ಇಲ್ಲ. ನಮ್ಮ ಆಶಾ ಅಕ್ಕ ಸುಸ್ತಿಗೆ ಅಂತ ಕಬ್ಬಿಣದ ಮಾತ್ರೆ ಕೊಡಲು ಬಂದವರು, ಮೇಜಿನ ಮೇಲಿದ್ದ ನನ್ನ ಡಬ್ಬಿ ನೋಡಿ ಕೈ ಹಿಂದಕ್ಕೆ ತೆಗೆದರು. "ಇದಕ್ಕೂ ಅದಕ್ಕೂ ಆಗುತ್ತಾ ಅಂತ ಕೇಳಿ ಕೊಡ್ತೀನಿ." ಕೇಳಿಕೊಂಡು ಬಂದರು. ಕಬ್ಬಿಣ ಒಟ್ಟಿಗೆ ಹೋದರೆ ಈ ಮದ್ದು ಮೈಗೆ ಹತ್ತುವುದಿಲ್ಲವಂತೆ, ನಡುವೆ ಎರಡು ಗಂಟೆಯಾದರೂ ಬೇಕು. ಅಕ್ಕಾ, ಆ ದಿನ ನೀವು ಸುಮ್ನೆ ಕೊಟ್ಟು ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಮದ್ದಿಗಿಂತ ಕಷ್ಟ ನೀರು. ದಿನಕ್ಕೆ ಮೂರು ಲೀಟರ್ ಮೂತ್ರ ಹೋಗಬೇಕು, ಅಂದರೆ ಹತ್ತಿರ ಹತ್ತಿರ ನಾಲ್ಕು ಲೀಟರ್ ಕುಡಿಯಬೇಕು. ಜುಲೈ ತಿಂಗಳಲ್ಲಿ ಇಲ್ಲಿ ಹೊಳೆ, ಗದ್ದೆ, ಗೋಡೆ ಎಲ್ಲ ನೀರೇ. ಬಾಯಾರಿಕೆ ಅಂತ ಒಂದಿದೆ ಅನ್ನೋದೇ ಮರೆತುಹೋಗಿರುತ್ತದೆ. ಕುಡಿದರೆ ಎಲ್ಲಿಗೆ ಹೋಗುವುದು ಅನ್ನೋದು ಇನ್ನೊಂದು ಪ್ರಶ್ನೆ. ಸಂಜೆ ಮನೆ ಸೇರುವ ತನಕ ಒಂದು ಗುಟುಕೂ ಕುಡಿಯದ ಟೀಚರುಗಳು ಎಷ್ಟು ಜನ ಇಲ್ಲ ಹೇಳಿ? ನಾನೂ ಹಾಗೇ ಇದ್ದೆ. ಶಾಲೆಯ ಶೌಚಾಲಯಕ್ಕೆ ಚಿಲಕವೇ ಇರಲಿಲ್ಲ. ನಮ್ಮ ಹೆಡ್ ಮೇಡಂ ವಿಷಯ ಕೇಳಿ ಏನೂ ಅನ್ನಲಿಲ್ಲ. ಮಾರನೇ ದಿನ ಕೈಚೀಲದಿಂದ ಹೊಸ ಚಿಲಕ, ನಾಲ್ಕು ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟರು. ಒಂದೊಂದು ಪೀರಿಯಡ್ಡಿಗೆ ಒಂದು ನೀರಿನ ಬೆಲ್ ಶುರು ಮಾಡಿದರು. ಮಕ್ಕಳೂ ಕುಡಿಯುತ್ತಾರೆ, ನಾನೂ ಕುಡಿಯುತ್ತೇನೆ. ನಾನು ಹೊರಗೆ ಹೋದಾಗ ಬಿಸಿಯೂಟದ ಅಕ್ಕ ಸೌಟು ಹಿಡಿದೇ ಬಂದು ಕ್ಲಾಸಿನಲ್ಲಿ ನಿಲ್ಲುತ್ತಾರೆ. ಅವರಿದ್ದಾಗ ಗಲಾಟೆ ಕಡಿಮೆ.

ಮನೆಯಲ್ಲಿ ಅತ್ತೆ. ರಾತ್ರಿ ಎರಡು ಗಂಟೆಗೂ ಎದ್ದು ಎರಡು ಲೋಟ ಕುಡಿಯಬೇಕು. ಆ ಚಳಿಯಲ್ಲಿ ತಣ್ಣೀರು ಗಂಟಲಿಗಿಳಿಯಲ್ಲ. ಮಲಗುವ ಮುಂಚೆ ಜೀರಿಗೆ ನೀರು ಕಾಯಿಸಿ ಫ್ಲಾಸ್ಕಿಗೆ ತುಂಬಿ ತಲೆ ಹತ್ತಿರ ಇಡುತ್ತಾರೆ, ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಉಪ್ಪು ಕಡಿಮೆ ಮಾಡಬೇಕು ಅಂದಾಗ ಒಣಮೀನಿನ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟರು. ಹಂದಿ ಸಾರು ನನಗೆ ಈಗ ಹಬ್ಬಕ್ಕೆ ಮಾತ್ರ, ಅದೂ ನಾಲ್ಕು ತುಂಡು. ಎಣಿಸಿ ಬಡಿಸುತ್ತಾರೆ. ಇದೊಂದರಲ್ಲಿ ಮಾತ್ರ ನನಗೆ ಅವರ ಮೇಲೆ ಸಣ್ಣ ಸಿಟ್ಟಿದೆ.

ಎರಡನೇ ತಿಂಗಳಲ್ಲಿ ನಾಲಿಗೆ ರುಚಿ ಹೋಯಿತು. ಈ ಮದ್ದಿಗೆ ಕೆಲವರಿಗೆ ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದರು. ಆದರೂ ಕಾಫಿ ತೋಟದ ನಡುವೆ ಕೂತು ಕಾಫಿ ರುಚಿ ಗೊತ್ತಾಗದಿದ್ದರೆ ಹೇಗಿರುತ್ತದೆ ಹೇಳಿ. ಮೂಗಿಗೆ ಕಾಫಿ, ನಾಲಿಗೆಗೆ ಬಿಸಿನೀರು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, "ಅತ್ತೆ, ಬೆಲ್ಲ ಜಾಸ್ತಿ ಆಯ್ತು" ಅಂದೆ. ಅತ್ತೆ ಪಾತ್ರೆ ಕೆಳಗಿಟ್ಟು, "ಇನ್ನೊಂದು ಸಲ ಹೇಳು" ಅಂದರು.

ಎರಡನೇ ಮಳೆಗಾಲದಲ್ಲಿ ಗುಡ್ಡ ಕುಸಿದು ನಮ್ಮ ರಸ್ತೆ ಮುಚ್ಚಿತು. ಕರೆಂಟಿಲ್ಲ, ಟವರಿಲ್ಲ. ಕ್ಯಾಪ್ಸೂಲ್ ಮುಗಿದು ಒಂಬತ್ತು ದಿನ. ದಾರಿ ಬಿಟ್ಟ ದಿನವೇ ಪೇಟೆಯ ಮೆಡಿಕಲ್‌ಗೆ ಓಡಿದೆ. ಬಿಟ್ಟಿದ್ದನ್ನೆಲ್ಲ ಬೇಗ ಸರಿಮಾಡಬೇಕು ಅನ್ನೋ ಆತುರ. ಅಂಗಡಿಯ ಅಣ್ಣ ಕವರಿಗೆ ಹಾಕಿದ ಸ್ಟ್ರಿಪ್ಪನ್ನು ವಾಪಸ್ ತೆಗೆದರು. "ಒಂಬತ್ತು ದಿನ ಬಿಟ್ಟಿದ್ದೀರಿ ಟೀಚರೇ. ಮೊದಲಿನಷ್ಟೇ ಹಾಗೇ ಶುರು ಮಾಡಬೇಡಿ. ಡಾಕ್ಟರಿಗೆ ಒಂದು ಫೋನ್ ಮಾಡೋಣ." ನನಗೆ ಸಿಟ್ಟೇ ಬಂತು. ಆದರೆ ಅವರು ಹೇಳಿದ್ದೇ ಸರಿ. ಈ ಮದ್ದನ್ನು ಕೆಲವು ದಿನ ಬಿಟ್ಟು ಮತ್ತೆ ಹಿಡಿದರೆ ಮೈ ಅದರ ಮೇಲೇ ತಿರುಗಿ ಬೀಳಬಹುದು, ಜ್ವರ, ದದ್ದು ಬರಬಹುದು. ಡಾಕ್ಟರು ಸಣ್ಣ ಡೋಸಿನಿಂದ ಶುರು ಮಾಡಿಸಿ ವಾರಗಟ್ಟಲೆ ತಗೊಂಡು ಮೇಲೇರಿಸಿದರು. ಏನೂ ಆಗಲಿಲ್ಲ. ಈಗ ಮೇ ಕೊನೆಗೇ ಎರಡು ತಿಂಗಳ ಮದ್ದು ತಂದಿಡುತ್ತೇನೆ, ಸೌದೆ ಒಳಗೆ ಹಾಕುವ ಹೊತ್ತಿಗೇ.

ಇನ್ನು ಈ ಮದ್ದು ರಕ್ತಕ್ಕೋ ಕಿಡ್ನಿಗೋ ತೊಂದರೆ ಮಾಡುತ್ತಿದೆಯಾ ಅಂತ ನೋಡುವ ಪರೀಕ್ಷೆಗಳು. ರಕ್ತದ ಕಣಗಳ ಲೆಕ್ಕ, ಮೂತ್ರದಲ್ಲಿ ಪ್ರೋಟೀನ್. ಹೋದ ವರ್ಷ ಪ್ರೋಟೀನ್ ಒಂದು ಪ್ಲಸ್ ಬಂತು. ನನಗೆ ಮೈಯಲ್ಲಿ ಒಂಚೂರೂ ಗೊತ್ತಾಗಿರಲಿಲ್ಲ, ಕಾಲು ಊದಿರಲಿಲ್ಲ, ಏನಿಲ್ಲ. 24 ಗಂಟೆಯ ಮೂತ್ರ ಐದು ಲೀಟರಿನ ಕ್ಯಾನಿನಲ್ಲಿ ಹಿಡಿದು, ಕ್ಯಾನನ್ನು ಬಟ್ಟೆ ಚೀಲದಲ್ಲಿ ಮುಚ್ಚಿ ಬಸ್ಸಿನಲ್ಲಿ ಒಯ್ದೆ. "ಜೇನುತುಪ್ಪಾನಾ ಟೀಚರೇ, ಎಷ್ಟಕ್ಕೆ ಕೊಟ್ರು?" ಅಂತ ಒಬ್ಬರು ಕೇಳಿದರು. ನಾನು ಕಿಟಕಿ ಕಡೆ ನೋಡಿದೆ. ಡೋಸ್ ಇಳಿಸಿದರು, ಎರಡು ತಿಂಗಳಲ್ಲಿ ಪ್ರೋಟೀನ್ ಹೋಯಿತು. ಅವತ್ತು ಪರೀಕ್ಷೆ ಮುಂದಕ್ಕೆ ಹಾಕಿದ್ದರೆ? ಹಾಕಬೇಕು ಅಂತಲೇ ಇದ್ದೆ, ಪರೀಕ್ಷೆ ಪೇಪರ್ ತಿದ್ದುವ ಕೆಲಸ ಇತ್ತು. ಬಲವಂತ ಮಾಡಿ ಕಳಿಸಿದ್ದು ನನ್ನ ಯಜಮಾನರು. ಅವರಿಗೂ ಥ್ಯಾಂಕ್ಸ್, ಅವರು ಓದುವುದಿಲ್ಲ, ಆದರೂ.

ಸೋಮವಾರಪೇಟೆಯ ಲ್ಯಾಬಿನವರಿಗೆ ಥ್ಯಾಂಕ್ಸ್ ಜೊತೆ ಒಂದು ಕ್ಷಮೆಯೂ ಇದೆ. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ಎರಡು ಬಟ್ಟಲು ತಿಂದು ಮಾರನೇ ದಿನ ಸ್ಯಾಂಪಲ್ ಕೊಟ್ಟುಬಂದೆ. ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ ಅಂತ ಕೊಡಗಿನ ಮಕ್ಕಳಿಗೂ ಗೊತ್ತು, ನನಗೆ ಆ ದಿನ ಹೊಳೆಯಲಿಲ್ಲ. ಹೊರಜಿಲ್ಲೆಯಿಂದ ಹೊಸದಾಗಿ ಬಂದ ಆ ಹುಡುಗ ಗಾಬರಿಯಾಗಿ, "ಮೇಡಂ, ತುಂಬಾ ರಕ್ತ ಹೋಗ್ತಿದೆ ಅನ್ಸುತ್ತೆ, ಬೇಗ ಬನ್ನಿ" ಅಂತ ಮೂರು ಸಲ ಫೋನ್ ಮಾಡಿದ. ಈ ವರ್ಷ ಅವನಿಗೂ ಒಂದು ಡಬ್ಬಿ ಪಾಯಸ ಕಳಿಸುತ್ತೇನೆ.

ನನ್ನ ಡೋಸ್ ಎಷ್ಟು ಅಂತ ಕೆಲವರು ಕೇಳುತ್ತಿದ್ದಾರೆ. ಅದು ನನ್ನ ರಿಪೋರ್ಟ್ ನೋಡಿ ಬರೆದಿದ್ದು, ನಿಮಗೆ ಹೇಳಿ ಉಪಯೋಗವಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಇನ್ನೊಂದು ಕೇಳಿಕೊಳ್ಳಿ: ಮಗು ಬೇಕು ಅಂತಿದ್ದರೆ ಈ ಮದ್ದಿನ ವಿಷಯ ಡಾಕ್ಟರ ಹತ್ತಿರ ಮೊದಲೇ ಮಾತಾಡಿ, ಬಸುರಾದ ಮೇಲೆ ಅಲ್ಲ.

ಮುಂದಿನ ಮಂಗಳವಾರ ಮತ್ತೆ ಪರೀಕ್ಷೆ. ಕ್ಯಾನ್ ತೊಳೆದು ಅಂಗಳದ ಗೂಟಕ್ಕೆ ಬೋರಲು ಹಾಕಿದ್ದೇನೆ. ಬೆಳಗಿನ ಮೈಸೂರು ಬಸ್ಸಿನ ಕಂಡಕ್ಟರಣ್ಣಾ, ನಿಮ್ಮ ಹೆಸರು ಇವತ್ತಿನವರೆಗೂ ಕೇಳಿಲ್ಲ. ಪಿರಿಯಾಪಟ್ಟಣದಲ್ಲಿ ಯಾವಾಗಲೂ ನಿಲ್ಲಿಸುವ ಹಾಗೆ ಐದು ನಿಮಿಷ ನಿಲ್ಲಿಸಿ. ಓಡಿಹೋಗಿ ಬರುತ್ತೇನೆ.